ಜೋಡಿ ಕಟ್ಟಿದ ಯಜಮಾನರು

ಇವರ ಹೆಸರು ಬೇಡ. ಹೆಸರು ಹೇಳಿದರೆ ಒಬ್ಬರಿಗೆ ಸಿಟ್ಟು. ಹೇಳದಿದ್ದರೆ ನಾಲ್ಕು ತಾಲ್ಲೂಕಿನ ನಲವತ್ತು ಜನ ತಮ್ಮ ಮೇಲೇ ಬರೆದಿದ್ದಾರೆಂದು ಪುಟ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಯಜಮಾನರು ಎಂದರೆ ಸಾಕು. ಮಧುಗಿರಿಯಲ್ಲಿ ಇವರು ಅಂಗಡಿ ಮಳಿಗೆ ಕಟ್ಟಿಸಿ ಬಾಡಿಗೆ ಎಣಿಸುವವರು. ಶಿರಾದಲ್ಲಿ ಹೈವೇ ಪಕ್ಕದ ಜಮೀನು ಮಾರಿದವರು. ಕೊರಟಗೆರೆಯಲ್ಲಿ ನಿವೃತ್ತ ಹೆಡ್‌ಮಾಸ್ಟರು. ಪಾವಗಡದಲ್ಲಿ ಸೋಲಾರ್‌ಗೆ ಹೊಲ ಕೊಟ್ಟವರು. ಊರು ಯಾವುದಾದರೇನು, ಜ್ವರ ಒಂದೇ: ಐವತ್ತೈದು ದಾಟಿದ ಮೇಲೆ, ಉಳುವ ಕೆಲಸ ಪೂರಾ ನಿಂತ ಮೇಲೆ, ಒಂದು ಜೊತೆ ಹಳ್ಳಿಕಾರ್ ಎತ್ತು ತಂದು ಜಾತ್ರೆಯಲ್ಲಿ ಕಟ್ಟಬೇಕು, ಬಹುಮಾನ ಹೊಡೆಯಬೇಕು.

ಇವರಲ್ಲಿ ಪಾವಗಡದವರದು ಅಪ್ಪಟ ತಳಿ. ತಿರುಮಣಿ, ವಳ್ಳೂರು ಕಡೆಯ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದು, 2019ರ ಕೊನೆಗೆ ಪೂರ್ತಿ ಆಯಿತು. ಸರ್ಕಾರ ಹೊಲ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿಯಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಹತ್ತೆಕರೆಗೆ ಕಡಲೆಕಾಯಿ ಬಿತ್ತಿ ಮೋಡ ನೋಡುತ್ತ ಕೂತಿದ್ದವರಿಗೆ ಕೂತಲ್ಲೇ 2,10,000. ತಲೆತಲಾಂತರದಿಂದ ಬೈದುಕೊಂಡು ಬಂದ ಬಿಸಿಲೇ ಬಾಡಿಗೆ ಕೊಡತೊಡಗಿತು. ಕೈಯಲ್ಲಿ ದುಡ್ಡಿದೆ, ಬೇಕಾದಷ್ಟು ಹೊತ್ತಿದೆ, ಹೊಲವಿಲ್ಲ. ಹೊಲವಿದ್ದಾಗ ಎತ್ತು ಮಾರಿ ಟ್ರ್ಯಾಕ್ಟರ್ ಕರೆಸಿದ್ದವರು ಹೊಲ ಹೋದ ಮೇಲೆ ಎತ್ತು ತಂದರು. ಇದರಲ್ಲಿ ಲೆಕ್ಕಾಚಾರ ಹುಡುಕಬೇಡಿ. ಒಕ್ಕಲುತನ ಬಿಟ್ಟವರಿಗೆ ಒಕ್ಕಲುತನ ಬಿಡದೆ ಕಾಡುವ ಪರಿ ಇದು. ನನ್ನ ಕೇಳಿದರೆ ಯಜಮಾನರ ಬಗ್ಗೆ ಆಡಬಹುದಾದ ಅತ್ಯಂತ ಒಳ್ಳೆಯ ಮಾತೂ ಇದೇ.

ಜ್ವರ ಏರಲು ಬೇರೆ ಕಾರಣಗಳೂ ಇದ್ದವು. 2021ರ ಬೆಂಗಳೂರು ಕೃಷಿಮೇಳದಲ್ಲಿ ಕೃಷ್ಣ ಎಂಬ ಹಳ್ಳಿಕಾರ್ ಹೋರಿಗೆ ಒಂದು ಕೋಟಿ ಬೆಲೆ ಎಂಬ ಸುದ್ದಿ ಎಲ್ಲರ ಮೊಬೈಲಿಗೂ ಬಂತು. ಬಿಗ್‌ಬಾಸ್‌ನ ಹತ್ತನೇ ಸೀಸನ್ನಿಗೆ ಹಳ್ಳಿಕಾರ್ ಸಾಕುವ ವರ್ತೂರು ಸಂತೋಷ್ ಹೋದ ಮೇಲಂತೂ ಹಲ್ಲು ಎಣಿಸಲು ಬಾರದ ಹುಡುಗರೂ ತಳಿಯ ಬಗ್ಗೆ ರೀಲ್ಸ್ ಮಾಡಿದರು. ಯಜಮಾನರು ರೀಲ್ಸ್ ಮಾಡುವುದಿಲ್ಲ, ನೋಡುತ್ತಾರೆ. ನೋಡಿ ನೋಡಿ ವಿದ್ವಾಂಸರಾಗಿದ್ದಾರೆ. 2000ದಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ಸ್ಟಾಂಪು ತಂದಾಗ ಅದರಲ್ಲಿ ಹಳ್ಳಿಕಾರೂ ಇತ್ತೆಂದು ತಿಳಿದ ದಿನವೇ ಆ ಸ್ಟಾಂಪನ್ನು ಎಲ್ಲಿಂದಲೋ ತರಿಸಿ ಫ್ರೇಮ್ ಹಾಕಿಸಿದರು. ಬೆರಳುಗುರಿನಗಲದ ಚಿತ್ರಕ್ಕೆ ಕ್ಯಾಲೆಂಡರ್ ಗಾತ್ರದ ಫ್ರೇಮು. ಬಂದವರು ಕನ್ನಡಕ ಹುಡುಕಬೇಕು.

ಆದರೆ ವಿದ್ಯೆ ಬೇರೆ, ವ್ಯಾಪಾರ ಬೇರೆ. ಮೊದಲ ಜೊತೆ ಕೊಳ್ಳಲು ಹೋದ ದಿನದ ಕತೆಯನ್ನು ಜಾತ್ರೆಯ ದಲ್ಲಾಳಿಗಳು ಇವತ್ತಿಗೂ ಟೀ ಕುಡಿಯುವಾಗ ಹೇಳಿಕೊಳ್ಳುತ್ತಾರೆ. ಎತ್ತಿನ ವಯಸ್ಸು ಹಲ್ಲಿನಲ್ಲಿ. ಹಾಲುಹಲ್ಲು ಬಿದ್ದು ಎರಡೂವರೆ ವರ್ಷದ ಆಸುಪಾಸಿನಲ್ಲಿ ಎರಡು ಹಲ್ಲು, ಆಮೇಲೆ ನಾಲ್ಕು, ಆರು, ಐದು ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಪ್ರದರ್ಶನದ ವಿಭಾಗಗಳೂ ಈ ಲೆಕ್ಕದ ಮೇಲೇ. ಇಷ್ಟನ್ನು ಬಾಯಿಪಾಠ ಮಾಡಿಕೊಂಡಿದ್ದ ಯಜಮಾನರು ಗತ್ತಿನಿಂದ ಹೋರಿಯ ಮೇಲ್ದುಟಿ ಎತ್ತಿ ನೋಡಿದರು. ಮುಖ ಕಪ್ಪಿಟ್ಟಿತು.

“ಏನಯ್ಯ ಇದು, ಬೋಡುಬಾಯಿ ಎತ್ತು ತೋರಿಸ್ತೀಯಾ?”

ದಲ್ಲಾಳಿ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: “ಸಾಮಿ, ದನಕ್ಕೆ ಮ್ಯಾಲೆ ಮುಂದಿನ ಹಲ್ಲೇ ಇರಲ್ಲ. ನಿಮ್ಮ ತಾತನ ಕಾಲದಾಗೂ ಇರಲಿಲ್ಲ. ಕೆಳಗಿನ ತುಟಿ ಬಿಡಿಸಿ ನೋಡ್ರಿ.”

ಅಲ್ಲಿಗೆ ಬೆಲೆ ಏರಿತು. ಏರಿದ್ದು ಯಜಮಾನರಿಗೆ ತಿಳಿಯಲಿಲ್ಲ. ದನದ ಜಾತ್ರೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ. ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ತಿಳಿಸುವುದು. ಸುತ್ತ ನಿಂತವರಿಗೆ ಗುಟ್ಟು ಗೊತ್ತಾಗಬಾರದು. ದಲ್ಲಾಳಿ ಟವೆಲ್ ಹೊದಿಸಿ ಕೈ ಚಾಚಿದ. ಯಜಮಾನರು ಅದನ್ನು ಶೇಕ್‌ಹ್ಯಾಂಡ್ ಎಂದುಕೊಂಡು ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಅಮುಕಿ ಎರಡು ಸಲ ಕುಲುಕಿದರು. ವ್ಯಾಪಾರ ಮುಗಿಯಿತು. ಪಾವಗಡದ ಸೀಮೆಯ ಮೂರು ಕಡೆಯೂ ಆಂಧ್ರ ಇರುವುದರಿಂದ ಅಲ್ಲಿಯ ದಲ್ಲಾಳಿಗಳು ಕನ್ನಡದಲ್ಲಿ ಹೊಗಳಿ ತೆಲುಗಿನಲ್ಲಿ ನಗುತ್ತಾರೆ. ಅವತ್ತು ಎರಡು ಭಾಷೆಯಲ್ಲೂ ನಕ್ಕರಂತೆ.

ಎತ್ತಿನ ಜೊತೆಗೆ ಯಜಮಾನರಿಗೆ ಒಬ್ಬ ಅಜ್ಜನೂ ಸಿಕ್ಕಿದ. ಇದು ಅವರ ಪುಣ್ಯ. ಶಿರಾ ಕಡೆಯ, ಜುಂಜಪ್ಪನ ಒಕ್ಕಲಿನ ಅಜ್ಜ. ಆ ಕಡೆಯ ಗೊಲ್ಲರ ಹಟ್ಟಿಗಳಲ್ಲಿ ದನ ಕಾದ ವೀರ ಜುಂಜಪ್ಪನೇ ದೇವರು. ದನದ ಮೈ ಓದುವುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಯಾವ ಸುಳಿ ಎಲ್ಲಿದ್ದರೆ ಮನೆಗೆ ಆಗಿಬರುತ್ತದೆ, ಎಲ್ಲಿದ್ದರೆ ಬರುವುದಿಲ್ಲ ಎಂಬುದೆಲ್ಲ ಅಜ್ಜನ ಬೆರಳ ತುದಿಯಲ್ಲಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹುರುಳಿ ಬೇಯಿಸುವುದು, ಕಡಲೆಕಾಯಿ ಹಿಂಡಿ ನೆನೆಹಾಕುವುದು, ಮೈ ತಿಕ್ಕುವುದು, ಕೊಂಬು ಹೆರೆದು ಎಣ್ಣೆ ಹಚ್ಚುವುದು, ಸಂಜೆ ನಡೆಸಿಕೊಂಡು ಬರುವುದು ಎಲ್ಲ ಅಜ್ಜನ ಪಾಲು. ಯಜಮಾನರ ಪಾಲಿಗೆ ಉಳಿದದ್ದು ಮೇಲ್ವಿಚಾರಣೆ. ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ ಮಾಡುತ್ತಾರೆ. ಡಾಕ್ಟರು ಕೊಲೆಸ್ಟರಾಲ್ ಎಂದು ಇವರಿಗೆ ಬೆಣ್ಣೆ ಬಿಡಿಸಿ ಎರಡು ವರ್ಷ. ಈಗ ದಿನಾ ಕಣ್ಣೆದುರೇ ಎರಡೆರಡು ಉಂಡೆ ಬೆಣ್ಣೆ ಎತ್ತುಗಳ ಬಾಯಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಅವರ ಮುಖ ನೋಡಿದವರು ಗೋಸೇವೆ ಎಂಥ ತಪಸ್ಸೆಂದು ಬಲ್ಲರು.

ಮನೆಯವರಿಗೆ ಇದೆಲ್ಲ ಅಷ್ಟಾಗಿ ಹಿಡಿಸಿಲ್ಲ. “ಮೂರು ಮಕ್ಕಳ ಹೆರಿಗೇಲಿ ಒಂದು ಸಲ ಲೋಟ ಹಾಲು ಕೈಗೆ ಕೊಟ್ಟೋರಲ್ಲ, ಈಗ ಎತ್ತಿಗೆ ಮೊಟ್ಟೆ ಒಡೆದು ಕುಡಿಸ್ತಾರೆ” ಎಂಬುದು ಯಜಮಾನಿಯ ಮಾತು. ಯಜಮಾನರು ಉತ್ತರವಾಗಿ ಇತಿಹಾಸ ತೆಗೆಯುತ್ತಾರೆ. ಹಳ್ಳಿಕಾರಿನ ರಕ್ತಸಂಬಂಧಿ ಅಮೃತಮಹಲ್. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳವು, ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅವೇ ಎತ್ತುಗಳ ಬಲದಿಂದ ಹೈದರಾಲಿಯ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರ ಮುಟ್ಟಿತೆಂದು ಹಳೆಯ ಪುಸ್ತಕಗಳು ಹೇಳುತ್ತವೆ. ಈ ಭಾಷಣ ಮುಗಿಸಿ ಯಜಮಾನರು ಕ್ಯಾಂಟರ್ ಡ್ರೈವರಿಗೆ ಫೋನ್ ಮಾಡುತ್ತಾರೆ. ಪಕ್ಕದ ತಾಲ್ಲೂಕಿನ ಜಾತ್ರೆಗೆ ಇವರ ಜೋಡಿ ನಡೆದು ಹೋಗುವುದಿಲ್ಲ. ರಬ್ಬರ್ ಮ್ಯಾಟು, ಅದರ ಮೇಲೆ ಹುಲ್ಲು, ಅದರ ಮೇಲೆ ನಿಂತು ಸವಾರಿ.

ಇನ್ನು ಟೆಕ್ಸಾಸ್ ವಿಷಯ. ಯಜಮಾನರ ಮಗಳು ಅಳಿಯ ಡಾಲಸ್ ಹತ್ತಿರ ಇದ್ದಾರೆ. ಮೊಮ್ಮಗಳು ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಸ್ವಂತ ಕುದುರೆಯಲ್ಲ, ಕಲಿಸುವವರದ್ದೇ ಒಂದು ಸಾಧು ಮುದಿ ಕುದುರೆ. ಅಲ್ಲಿ ಊರೂರಿಗೂ ಕುದುರೆ ಕ್ಲಬ್ಬು, ರಜೆಯ ದಿನ ಸಣ್ಣ ಸಣ್ಣ ಪ್ರದರ್ಶನ. ಹೊಸಬರು ಅಲ್ಲಿಂದಲೇ ಶುರು ಮಾಡುವುದು. ವೀಡಿಯೋ ಕಾಲಿನಲ್ಲಿ ಮೊಮ್ಮಗಳು ಅಗಲ ಅಂಚಿನ ಹ್ಯಾಟು, ಬೂಟು, ಬೆನ್ನಿಗೆ ಅಂಟಿಸಿದ ನಂಬರು ತೋರಿಸಿದಳು. ಕುದುರೆಗೆ ಜೀನು ಹಾಕದೆ ಬರಿಯ ಹಗ್ಗ ಹಿಡಿದು ನಿಲ್ಲಿಸುವ ಹಾಲ್ಟರ್ ವಿಭಾಗ; ಹೊಸಬರಿಗೆಂದೇ ನಡಿಗೆ ಮತ್ತು ನಿಧಾನದ ಓಟ ಮಾತ್ರ ಇರುವ ವಿಭಾಗ; ಆರನೇ ಸ್ಥಾನದವರೆಗೂ ರಿಬ್ಬನ್ನು, ನೀಲಿ, ಕೆಂಪು, ಹಳದಿ, ಬಿಳಿ, ಗುಲಾಬಿ, ಹಸಿರು. ಅಲ್ಲಿಯೂ ಹ್ಯಾಟು ಬೂಟಿನ ಈ ಬಗೆಯ ಸವಾರಿ ಹುಟ್ಟಿದ್ದು ದನ ಕಾಯುವುದಕ್ಕೇ. ಜೀನಿನ ಮುಂದೆ ಎದ್ದಿರುವ ಗುಬಟು ದನಕ್ಕೆ ಬೀಸಿದ ಹಗ್ಗವನ್ನು ಸುತ್ತಿಕೊಳ್ಳಲು. ಇವತ್ತು ಪ್ರದರ್ಶನಕ್ಕೆ ಬರುವ ಎಷ್ಟೋ ಕುದುರೆಗಳು ದನದ ಮುಖ ಕಂಡಿಲ್ಲ, ಗುಬಟು ಮಾತ್ರ ಹಾಗೇ ಇದೆ. ಯಜಮಾನರಿಗೆ ಈ ಭಾಗ ಬಹಳ ಸಮಾಧಾನ ತಂದಿತು.

“ತಾತ, ಶೋಮನ್‌ಶಿಪ್ ಅಂತ ಇನ್ನೊಂದಿದೆ. ಅದರಲ್ಲಿ ಕುದುರೆಗಲ್ಲ ಮಾರ್ಕ್ಸು, ಹಿಡಕೊಂಡಿರೋರಿಗೆ!”

ಯಜಮಾನರು ಕುರ್ಚಿಯಿಂದ ಎದ್ದು ನಿಂತರು. ಇಷ್ಟು ದಿನ ತಮಗೆ ಬೇಕಾಗಿದ್ದು ಏನೆಂದು ಹೇಳಲು ಬಾರದೆ ಒದ್ದಾಡುತ್ತಿದ್ದರು. ಅದಕ್ಕೆ ಅಮೆರಿಕದಲ್ಲಿ ಒಂದು ವಿಭಾಗವೇ ಇದೆ. ಕುಣಿಗಲ್ಲಿನ ಸ್ಟಡ್ ಫಾರಂ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ಒಂದು ಕುದುರೆಯನ್ನೇ ತಂದರೆ ಹೇಗೆ ಎಂದು ಒಂದು ರಾತ್ರಿ ಯೋಚಿಸಿದರಂತೆ. ರೇಸಿನ ಕುದುರೆ ಬೆಣ್ಣೆ ಉಂಡೆಗೆ ಒಗ್ಗುವುದಿಲ್ಲವೆಂದು ಬೆಳಗಾಗುವಷ್ಟರಲ್ಲಿ ಬಿಟ್ಟುಕೊಟ್ಟರು. ಆದರೆ ಹ್ಯಾಟು ತರಿಸಿದರು.

ರಥಸಪ್ತಮಿ ಬಂತು. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ಆಂಜನೇಯಸ್ವಾಮಿಯ ಜಾತ್ರೆ. ಈ ಕಡೆಯ ದನದ ಜಾತ್ರೆಗಳಿಗೆ ಒಂದು ಸರಣಿಯೇ ಇದೆ: ಪುಷ್ಯದಲ್ಲಿ ಘಾಟಿ ಸುಬ್ರಹ್ಮಣ್ಯ, ರಥಸಪ್ತಮಿಗೆ ಕ್ಯಾಮೇನಹಳ್ಳಿ, ಶಿವರಾತ್ರಿಗೆ ಸಿದ್ಧಗಂಗೆ, ಆಮೇಲೆ ಮಧುಗಿರಿಯ ದಂಡಿನ ಮಾರಮ್ಮ. ಬಳ್ಳಾರಿ, ಹಾವೇರಿ, ಅನಂತಪುರದ ಕಡೆಯ ರೈತರು ಉಳುವ ಎತ್ತು ಕೊಳ್ಳಲು ಬರುತ್ತಾರೆ. 2022ರ ಕೊನೆಗೆ ಚರ್ಮಗಂಟು ರೋಗ ಹಬ್ಬಿ ಹಲವು ಕಡೆ ದನದ ಜಾತ್ರೆಗಳನ್ನೇ ನಿಲ್ಲಿಸಿದಾಗ ಇವರೆಲ್ಲ ಪಟ್ಟ ಪಾಡು ದೊಡ್ಡದು. ಆ ವರ್ಷ ಯಜಮಾನರಿಗೂ ನಷ್ಟವಾಯಿತು: ಹೊಲಿಸಿದ್ದ ಜರಿ ಪೇಟ ಬೀರುವಿನಲ್ಲೇ ಉಳಿಯಿತು.

ಈ ಸಲ ಆ ಬಾಕಿಯನ್ನೂ ಸೇರಿಸಿ ತೀರಿಸಿದರು. ಶಾಮಿಯಾನ, ಅದಕ್ಕೆ ಸೀರಿಯಲ್ ಲೈಟು, ಜನರೇಟರು. ಎತ್ತುಗಳಿಗೆ ಹಿತ್ತಾಳೆ ಕೊಂಬಣಸು, ಗೊಂಡೆ, ಗೆಜ್ಜೆ, ಬೆನ್ನಿಗೆ ಕಸೂತಿಯ ಜೂಲು. ಮುಂದೆ ತಮಟೆ, ಹಿಂದೆ ಡ್ರೋನು. ಶಾಮಿಯಾನದ ಬಾಯಲ್ಲಿ ಫ್ಲೆಕ್ಸು: ಯಜಮಾನರು ಆರಡಿ, ಕೈ ಮುಗಿದ ಭಂಗಿ, ಶುಭ ಕೋರುವ ಗೆಳೆಯರ ಬಳಗ ಹದಿನಾರು ಮುಖ, ಕೆಳಗೆ ಮೂಲೆಯಲ್ಲಿ ಜಾಗ ಉಳಿದಷ್ಟರಲ್ಲಿ ಎರಡು ಎತ್ತು. ಪೇಟ ಹ್ಯಾಟು ಎರಡರಲ್ಲಿ ಯಾವುದೆಂದು ತೀರ್ಮಾನವಾಗದೆ ಬೆಳಗ್ಗೆ ಪೇಟ, ಮಧ್ಯಾಹ್ನ ಹ್ಯಾಟು. ಬಲಗಡೆ ಬಯಲಿನಲ್ಲಿ, ಬರಿಯ ಹುಣಸೆಮರದ ನೆರಳಿನಲ್ಲಿ, ಒಬ್ಬ ರೈತ ತನ್ನ ಎರಡು ಹಲ್ಲಿನ ಜೋಡಿಗೆ ಮೇವು ಹಾಕಿಕೊಂಡು ಕೂತಿದ್ದ. ಯಜಮಾನರು ಅವನಿಗೆ ಎತ್ತು ನಿಲ್ಲಿಸುವ ಬಗ್ಗೆ ಎರಡು ಸಲಹೆ ಕೊಟ್ಟು ಬಂದರು.

ತೀರ್ಪುಗಾರರಾಗಿ ಪಶುವೈದ್ಯರು ಬಂದರು. ಹಲ್ಲು ನೋಡಿದರು, ಕೆಳಗಿನ ತುಟಿ ಬಿಡಿಸಿ. ಕೊಂಬಿನ ಬಾಗು, ಮುಖದ ಉದ್ದ, ಕಾಲಿನ ನಿಲುವು, ಗೊರಸು, ಎರಡೂ ಒಂದಕ್ಕೊಂದು ಹೊಂದುವ ಬಗೆ. ಜೂಲು ತೆಗೆಸಿದರು. ಕೊಂಬಣಸೂ ತೆಗೆಸಿದರು. ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ಎಂದರು. ಹ್ಯಾಟು ಧರಿಸಿದ ಯಜಮಾನರು ಹಗ್ಗ ಹಿಡಿದು ಎದೆಯುಬ್ಬಿಸಿ ಹೆಜ್ಜೆ ಹಾಕಿದರು. ಎತ್ತು ಹಾಕಲಿಲ್ಲ. ದಿನಾ ನೋಡಿದ ಮುಖವೇ ಆದರೂ ಈ ಅಗಲದ ತಲೆ ಅದಕ್ಕೆ ಹೊಸದು. ಒಂದು ಸಲ ಬುಸುಗುಟ್ಟಿ ಹಿಂದಕ್ಕೆ ಸರಿಯಿತು. ಅಜ್ಜ ಬಂದು ಯಜಮಾನರ ಕೈಯಿಂದ ಹಗ್ಗ ತೆಗೆದುಕೊಂಡು, ನಾಲಿಗೆಯಲ್ಲಿ ‘ಚ್ಚೊ’ ಎಂದ. ಜೋಡಿ ಹೊರಟಿತು.

ಮೂರನೇ ಬಹುಮಾನ ಬಂತು. ಮೊದಲನೆಯದು ಹುಣಸೆಮರದವನಿಗೆ. ವೇದಿಕೆಯ ಮೇಲೆ ಶಾಲು, ಸರ್ಟಿಫಿಕೇಟು. ಮರುದಿನದ ಪೇಪರಿನಲ್ಲಿ ಎತ್ತುಗಳ ಫೋಟೋ ಚೆನ್ನಾಗಿ ಬಂತು, ಅಂಚಿನಲ್ಲಿ ಹ್ಯಾಟಿನ ಅರ್ಧವೂ ಕಾಣಿಸುತ್ತಿತ್ತು.

ಅದೇ ವಾರ ಟೆಕ್ಸಾಸಿನಿಂದ ಫೋನು: ಮೊಮ್ಮಗಳಿಗೆ ಐದನೇ ಸ್ಥಾನ, ಗುಲಾಬಿ ರಿಬ್ಬನ್ನು, ಮನೆಯಲ್ಲಿ ಕೇಕು. ಯಜಮಾನರು ಅಂದೇ ಜಾತ್ರೆ ಸಮಿತಿಗೆ ಅರ್ಜಿ ಬರೆಯಲು ಕೂತರು. ಒಂದು, ಇನ್ನು ಮುಂದೆ ಪ್ರತಿ ವಿಭಾಗದಲ್ಲೂ ಆರನೇ ಸ್ಥಾನದವರೆಗೆ ಬಹುಮಾನ ಕೊಡಬೇಕು. ಎರಡು, ರಾಸುಗಳಿಗಲ್ಲದೆ ರಾಸು ಹಿಡಿದವರಿಗೂ ಪ್ರತ್ಯೇಕ ವಿಭಾಗ ಮಾಡಿ, ರಾಸಿನ ಮೈ ತಿಕ್ಕಿ ಇಟ್ಟ ರೀತಿ, ನಡೆಸುವ ರೀತಿ, ನಿಲ್ಲಿಸುವ ರೀತಿ ನೋಡಿ ಅಂಕ ಕೊಡಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಕೊಟ್ಟಿಗೆಯಲ್ಲಿ ಹುರುಳಿ ಕಲೆಸುತ್ತಿದ್ದ ಅಜ್ಜ ಕೈ ನಿಲ್ಲಿಸಿ ಕೇಳಿಸಿಕೊಂಡ.

“ಸಾಮಿ, ಎಲ್ಡನೇದು ಇನ್ನೊಂದು ಕಿತ ಓದ್ರಿ.”

ಓದಿದರು.

“ಮೈ ತಿಕ್ಕೋನು, ನಡ್ಸೋನು, ನಿಲ್ಸೋನು. ಅಂಗಾರೆ ಆ ಬೌಮಾನ ನಂಗೆ ಬತ್ತದಲ್ರಾ?”

ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಎರಡನೇ ಅಂಶದ ಮೇಲೆ ಅಡ್ಡಗೆರೆ ಎಳೆದರು. ಮೊದಲನೆಯದನ್ನು ಮಾತ್ರ ಟೈಪ್ ಮಾಡಿಸಲು ಪೇಟೆಗೆ ಹೊರಟರು.