ಕೋಡಿಂಗ್ ಸಹಾಯಕ ಮೀಮಾಂಸೆ

ಎಐ ಕೋಡಿಂಗ್ ಸಹಾಯಕವೆಂದರೆ, ಕೇಳಿದ ಕೋಡನ್ನು ಕ್ಷಣದಲ್ಲಿ ಬರೆದು, ಬರೆದದ್ದು ಏನೆಂದು ತಿಳಿಯುವ ಹೊಣೆಯನ್ನು ಕೇಳಿದವರಿಗೇ ಬಿಡುವ ಸಾಧನ. ಇದರಿಂದ ಕೆಲಸ ಬೇಗ ಮುಗಿಯುವುದೇ ಎಂಬ ಬಗ್ಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಮತಗಳಿವೆ. ಐದನೆಯದು ಬೆಂಗಳೂರಿನ ಮ್ಯಾನೇಜರುಗಳದು. ಅದು ಮತವಲ್ಲ, ಟಾರ್ಗೆಟ್.

ಪೂರ್ವಪಕ್ಷ ಶಿರಾದ್ದು. ಬೆಂಗಳೂರು–ಪುಣೆ ಹೆದ್ದಾರಿಯ ಊರಿಗೆ ವೇಗದಲ್ಲಿ ನಂಬಿಕೆ ಸಹಜ. ಈ ಮತದ ಪ್ರಮಾಣ 2023ರಲ್ಲಿ ಪ್ರಕಟವಾದ ಪ್ರಯೋಗ: 95 ಪ್ರೋಗ್ರಾಮರುಗಳು ಜಾವಾಸ್ಕ್ರಿಪ್ಟಿನಲ್ಲಿ ಒಂದು ಎಚ್‌ಟಿಟಿಪಿ ಸರ್ವರ್ ಬರೆಯಬೇಕಿತ್ತು, ಗಿಟ್‌ಹಬ್ ಕೋಪೈಲಟ್ ಸಿಕ್ಕ ಗುಂಪು ಶೇ 55.8ರಷ್ಟು ಬೇಗ ಮುಗಿಸಿತು. ಪ್ರಬಂಧಕಾರರಲ್ಲಿ ಗಿಟ್‌ಹಬ್ಬಿನವರೂ ಇದ್ದರೆಂಬ ಸಂಗತಿಯನ್ನು ಶಿರಾ ಪಂಡಿತರು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ.

ಇದನ್ನು ಖಂಡಿಸುವವರು ಮಧುಗಿರಿಯವರು. ಏಕಶಿಲಾ ಬೆಟ್ಟದ ಬುಡದಲ್ಲಿ ಬಾಳಿದವರಾದ್ದರಿಂದ, 'ಇನ್ನೇನು ಸ್ವಲ್ಪವೇ ಉಳಿದಿದೆ' ಎನ್ನುವವರ ಮಾತನ್ನು ಇವರು ಸುಲಭಕ್ಕೆ ನಂಬುವುದಿಲ್ಲ. ಇವರ ಆಧಾರ ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆಯ 2025ರ ಅಧ್ಯಯನ. 16 ಅನುಭವಿ ಡೆವಲಪರುಗಳು, ಅವರವರು ಬಹುಕಾಲದಿಂದ ಬಲ್ಲ ಓಪನ್ ಸೋರ್ಸ್ ಪ್ರಾಜೆಕ್ಟುಗಳು, 246 ಕೆಲಸಗಳು. ಸಹಾಯಕದಿಂದ ಶೇ 24ರಷ್ಟು ಸಮಯ ಉಳಿದೀತೆಂದು ಮೊದಲು ಅಂದಾಜಿಸಿದರು. ಎಲ್ಲ ಮುಗಿದ ಮೇಲೂ ಶೇ 20 ಉಳಿಯಿತೆಂದೇ ಹೇಳಿದರು. ಗಡಿಯಾರದ ಪ್ರಕಾರ ಹಿಡಿದದ್ದು ಶೇ 19ರಷ್ಟು ಹೆಚ್ಚು. ಸಹಾಯಕ ಬರೆಯುವುದನ್ನು ಕಾಯುವುದು, ಬರೆದದ್ದನ್ನು ಓದುವುದು, ತಿದ್ದುವುದು, ಕೊನೆಗೆ ಅಳಿಸಿ ತಾವೇ ಬರೆಯುವುದು—ಇವು ಯಾವುವೂ ಮನಸ್ಸಿಗೆ ಕೆಲಸವೆಂದು ತೋರುವುದಿಲ್ಲ. ಗಡಿಯಾರಕ್ಕೇ ಅನುಭವ ಸಾಲದೆಂದು ಶಿರಾದ ಪ್ರತ್ಯುತ್ತರ.

ಕೊರಟಗೆರೆಯದು ಸಮನ್ವಯ. ಮೈಕ್ರೋಸಾಫ್ಟ್, ಆಕ್ಸೆಂಚರ್ ಮತ್ತು ಹೆಸರು ಹೇಳದ ಇನ್ನೊಂದು ಕಂಪನಿಯ 4,867 ಡೆವಲಪರುಗಳ ಮೇಲಿನ ಪ್ರಯೋಗಗಳಲ್ಲಿ ಸಹಾಯಕ ಸಿಕ್ಕವರು ಮುಗಿಸಿದ ಕೆಲಸ ಸುಮಾರು ಶೇ 26 ಹೆಚ್ಚಿತು. ಅನುಭವ ಕಡಿಮೆ ಇದ್ದವರಿಗೆ ಲಾಭ ಜಾಸ್ತಿ. ಹಾಗಾದರೆ ಕಿರಿಯರು ಬೇಗ ಬರೆಯಲಿ, ಹಿರಿಯರು ನಿಧಾನವಾಗಿ ಓದಲಿ ಎಂದು ಇವರ ನಿರ್ಣಯ. ಎರಡನ್ನೂ ಕೂಡಿಸಿದರೆ ಎಷ್ಟೆಂದು ಇವರು ಹೇಳುವುದಿಲ್ಲ. ಸಮನ್ವಯದ ಲಕ್ಷಣವೇ ಅದು.

ಪಾವಗಡದ ಮತ ಎಲ್ಲಕ್ಕಿಂತ ಕಠಿಣ, ಬಹುಶಃ ಸರಿ ಕೂಡ. ಅಲ್ಲಿನ ತಿರುಮಣಿ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಉತ್ಪಾದನೆ ಎಷ್ಟೆಂದು ಮೀಟರ್ ಹೇಳುತ್ತದೆ, ಜಗಳವಿಲ್ಲ. ಪ್ರೋಗ್ರಾಮರಿಗೆ ಮೀಟರ್ ಎಲ್ಲಿ ಕೂರಿಸುವುದು? ಕೋಡಿನ ಸಾಲುಗಳಿಗೆ ಕೂರಿಸಿದರೆ ಸಹಾಯಕ ಸಾಲುಗಳನ್ನು ಸುರಿಯುತ್ತದೆ. ಮುಗಿದ ಟಿಕೆಟ್ಟುಗಳಿಗೆ, ಅಂದರೆ ಪಟ್ಟಿಯಲ್ಲಿ ಹಂಚಿದ ಕೆಲಸಗಳಿಗೆ, ಕೂರಿಸಿದರೆ ಒಂದು ಟಿಕೆಟ್ಟು ಮೂರಾಗುತ್ತದೆ. ಸಾಫ್ಟ್‌ವೇರ್ ಬಳಸುವವರ ನೆಮ್ಮದಿಗೇ ಕೂರಿಸೋಣವೆಂದರೆ ಅಲ್ಲಿಯವರೆಗೆ ವೈರು ಸಾಲುವುದಿಲ್ಲ.