ಪಾತ್ರಮೀಮಾಂಸೆ ಅಥವಾ ಜೆ.ಪಿ. ನಗರದಲ್ಲಿ ಜಪಾನೀ ಬೋಗುಣಿ

ವಿಷಯ: ದಕ್ಷಿಣ ಬೆಂಗಳೂರಿನ ಶೋಕೇಸುಗಳಲ್ಲಿ ಕಾಣಿಸಿಕೊಂಡಿರುವ ಜಪಾನೀ ಚಹಾಪಾತ್ರೆಗಳು. ಸಂಶಯ: ಇವು ಕುಡಿಯುವುದಕ್ಕೋ, ನೋಡುವುದಕ್ಕೋ? ಮೀಮಾಂಸಕರ ಪದ್ಧತಿಯಂತೆ ಮೊದಲು ಪೂರ್ವಪಕ್ಷಕ್ಕೆ ಮಾತಾಡಲು ಬಿಡತಕ್ಕದ್ದು.

ಪೂರ್ವಪಕ್ಷಿಯ ಲಕ್ಷಣ: ವಾಸ ಜೆ.ಪಿ. ನಗರ, ಕಸುಬು ಸಾಫ್ಟ್‌ವೇರ್, ಕಂಪನಿ ಖರ್ಚಿನಲ್ಲಿ ಜಪಾನಿಗೆ ಹೋಗಿಬಂದವನು. ಅವನ ಬಳಿ ತೊಕೊನಾಮೆಯ ಕೆಂಪು ಮಣ್ಣಿನ ಕ್ಯೂಸು ಇದೆ. ಈ ಟೀ ಕುಡಿಕೆಯ ಹಿಡಿ ಮೂತಿಯ ಎದುರಿಗಿಲ್ಲ, ಪಕ್ಕಕ್ಕಿದೆ. ಹಾಗಿಯ ಒಂದು ಬೋಗುಣಿಯೂ ಇದೆ. ಜಪಾನೀ ರಸಿಕರು ರಾಕು ಪಾತ್ರೆಗೆ ಮೊದಲ ಪಂಕ್ತಿ, ಹಾಗಿಗೆ ಎರಡನೆಯದು, ಕರಾತ್ಸುವಿಗೆ ಮೂರನೆಯದು ಕೊಟ್ಟಿದ್ದಾರೆ. ನಮ್ಮವನು ರಾಕುವಿನ ಬೆಲೆ ವಿಚಾರಿಸಿ, ಮರುಮಾತಾಡದೆ ಎರಡನೇ ಪಂಕ್ತಿಯಲ್ಲಿ ಕೂತ.

ಅವನ ಮೊದಲ ವಾದ: ಹಾಗಿಯ ಮೆರುಗಿನಲ್ಲಿ ಕೂದಲೆಳೆಯ ಬಿರುಕುಗಳಿವೆ, ಚಹಾ ಅದರೊಳಗೆ ಇಳಿದು ವರ್ಷಗಟ್ಟಲೆ ಬಣ್ಣ ತಿರುಗುತ್ತದೆ, 'ಹಾಗಿಯ ಏಳು ಬದಲಾವಣೆ' ಎಂದು ಲೋಕಪ್ರಸಿದ್ಧಿ. ಸಿದ್ಧಾಂತಿ, ಅಂದರೆ ಅವನ ತಾಯಿ, ಎರಡನೇ ಬದಲಾವಣೆಯ ಹೊತ್ತಿಗೆ ಅದನ್ನು ಕಂಡು, "ಏನೋ ಇದು, ಒಂದು ಬಟ್ಟಲು ನೆಟ್ಟಗೆ ತೊಳೆಯಕ್ಕೂ ಬರಲ್ವಾ?" ಎಂದು ರಾತ್ರಿಯಿಡೀ ಹುಣಸೇಹಣ್ಣಿನಲ್ಲಿ ನೆನೆಸಿ, ಬೆಳಿಗ್ಗೆ ನಾರಿನಲ್ಲಿ ತಿಕ್ಕಿ ಪ್ರಥಮಾವಸ್ಥೆಗೆ ತಂದರು. ವಾದ ಅಲ್ಲಿಗೆ ಖಂಡಿತವಾಯಿತು.

ಇನ್ನು ಎಂಜಲಿನ ಅಧಿಕರಣ. ಇದು ಗಹನ. ಕೊಯ್‌ಚಾ ಎಂಬ ಗಟ್ಟಿ ಚಹಾವನ್ನು ಅತಿಥಿಗಳೆಲ್ಲ ಒಂದೇ ಬೋಗುಣಿಯಿಂದ ಸರದಿಯಲ್ಲಿ ಕುಡಿಯುತ್ತಾರೆ. ತುಟಿ ತಾಗಿದ ಅಂಚನ್ನು ಒರೆಸಿ ಪಕ್ಕದವರಿಗೆ ದಾಟಿಸುತ್ತಾರೆ. ಬೋಗುಣಿಯ ಮುಖಭಾಗಕ್ಕೆ ತುಟಿ ತಾಗದಿರಲೆಂದು ಅದನ್ನು ತುಸು ತಿರುಗಿಸುವುದು ಅಲ್ಲಿಯ ವಿನಯ. ನಮ್ಮ ಹಿರಿಯರು ಈ ವಿನಯವನ್ನು ಪೂರ್ತಿ ಸುತ್ತಿಗೂ ಅನ್ವಯಿಸಿ ಎತ್ತಿ ಕುಡಿಯುತ್ತಾರೆ. ಬಸವನಗುಡಿಯ ಬಂಧುವೊಬ್ಬರು ಹಾಗಿ ಬೋಗುಣಿಯನ್ನೂ ಹಾಗೇ ಎತ್ತಿದರು. ಲೋಟದ ಕಂಠ ಹೊರಕ್ಕೆ ಬಾಗಿರುವುದರಿಂದ ಧಾರೆ ಗಂಟಲಿಗೇ ಬೀಳುತ್ತದೆ. ಬೋಗುಣಿಗೆ ಆ ಸೌಲಭ್ಯವಿಲ್ಲ. ಹಸಿರು ನೊರೆ ಮೊದಲು ಮೀಸೆಗೆ, ಆಮೇಲೆ ಕನ್ನಡಕಕ್ಕೆ, ಉಳಿದದ್ದು ಶಲ್ಯದ ಜರಿಗೆ.

ಚಹಾಶಾಸ್ತ್ರದ ಮಹಾಚಾರ್ಯ ಸೆನ್ ನೊ ರಿಕ್ಯು (1522–1591) ಈ ತೊಡಕಿಗೆ ಪರಿಹಾರ ಹೇಳುವ ಮೊದಲೇ, ಜಪಾನಿನ ಅಂದಿನ ಅಧಿಪತಿ ಹಿದೆಯೋಶಿಯ ಆಜ್ಞೆಯಂತೆ ಹೊಟ್ಟೆ ಸೀಳಿಕೊಳ್ಳಬೇಕಾಯಿತು. ಪರಿಹಾರ ನಮ್ಮ ಹೋಟೆಲುಗಳಲ್ಲಿದೆ: ಬೈ‌ಟು. ಹಂಚಿಕೊಂಡ ಪುಣ್ಯವೂ ಬಂತು, ಎಂಜಲೂ ತಪ್ಪಿತು. ರಿಕ್ಯುವಿನದೆನ್ನುವ ತೈಆನ್ ಚಹಾಕೋಣೆ ಎರಡೇ ಚಾಪೆಯಗಲ; ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಆ ಚಾಪೆಯನ್ನೂ ತೆಗೆದು ಗಿರಾಕಿಯನ್ನು ನಿಲ್ಲಿಸಿದೆ. ವೈರಾಗ್ಯದಲ್ಲಿ ಯಾರು ಮುಂದೆಂದು ಓದುಗರೇ ಹೇಳಲಿ.

ಪಿಂಗಾಣಿ ಈ ಊರಿಗೆ ಹೊಸತೇನಲ್ಲ ಎಂಬುದನ್ನೂ ಪೂರ್ವಪಕ್ಷಿ ಮರೆತ. ಮೈಸೂರು ಸಂಸ್ಥಾನವೇ ಇಲ್ಲಿ ಪೋರ್ಸೆಲಿನ್ ಕಾರ್ಖಾನೆ ತೆರೆದಿತ್ತು. 1976ರಲ್ಲಿ ಅದು ಬಿ.ಎಚ್.ಇ.ಎಲ್. ಪಾಲಾಯಿತು. ಅಲ್ಲಿ ಹೆಸರಾದ ಸರಕು ಕಪ್ಪು-ಬಸಿಯಲ್ಲ, ವಿದ್ಯುತ್ ತಂತಿಯ ಇನ್ಸುಲೇಟರು. ಪಿಂಗಾಣಿಯನ್ನು ಯಾರ ತುಟಿಗೂ ಎಟುಕದ ಎತ್ತರದಲ್ಲಿ ನೇತುಹಾಕಿದ ಮಡಿವಂತಿಕೆ ಬೇರೆಲ್ಲಿ ಸಿಕ್ಕೀತು?

ವಂಶಾವಳಿಯ ಪ್ರಶ್ನೆ. ಜಪಾನಿನಲ್ಲಿ ಕುಂಬಾರ ತನ್ನ ಪಾತ್ರೆಗೆ ಮರದ ಪೆಟ್ಟಿಗೆ ಮಾಡಿಸಿ, ಮುಚ್ಚಳದ ಮೇಲೆ ಮಸಿಯಲ್ಲಿ ಹೆಸರು ಬರೆಯುತ್ತಾನೆ; ಪೆಟ್ಟಿಗೆ ಕಳೆದರೆ ಬೆಲೆಯೂ ಇಳಿಯುತ್ತದೆ. ನಮ್ಮ ಪಾತ್ರೆ ಅಂಗಡಿಯವನು ಗಿರ್ರೆನ್ನುವ ಮಿಷನ್ನಿನಿಂದ ಸ್ಟೀಲಿನ ಮೈಮೇಲೇ ಕೊರೆದುಕೊಡುತ್ತಾನೆ: ಯಾರ ಮುಂಜಿ, ಯಾವ ತಾರೀಖು, ಕೊಟ್ಟವರು ಯಾರು. ಬಂದ ಉಡುಗೊರೆಯನ್ನು ಇನ್ನೊಂದು ಮದುವೆಗೆ ದಾಟಿಸದಂತೆ ತಡೆಯುವ ದಾನಶಾಸನವದು. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಇಂಥ ಒಂದೂ ಶಾಸನ ಸೇರದಿರುವುದು ಅಕ್ಷಮ್ಯ.

ಪೂರ್ವಪಕ್ಷಿಯ ಕಡೆಯ ಅಸ್ತ್ರ, ಕಿಜಾಎಮೋನ್ ಬೋಗುಣಿ. ಕೊರಿಯಾದ ಸಾಮಾನ್ಯರ ದಿನಬಳಕೆಯ ಪಾತ್ರೆ ಜಪಾನೀ ಚಹಾರಸಿಕರ ಕೈಗೆ ಸಿಕ್ಕಿ, ಇಂದು ರಾಷ್ಟ್ರೀಯ ನಿಧಿಯಾಗಿ ಕ್ಯೋತೋದ ದೈತೊಕುಜಿ ದೇಗುಲದಲ್ಲಿದೆ. ಇದು ಸಿದ್ಧಾಂತಕ್ಕೇ ಬಲ: ಮನೆಯಲ್ಲಿ ಬೆಲೆಯಿಲ್ಲದ್ದಕ್ಕೆ ಪರದೇಶದಲ್ಲಿ ಪೂಜೆ ಸಲ್ಲುವುದಾದರೆ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊಂಡ, ನಗ್ಗಿದ ಕಾಫಿ ಲೋಟವನ್ನು ಮೊದಲು ಕ್ಯೋತೋಗೆ ಕಳಿಸಬೇಕು. ಅವರು ಒಡೆದದ್ದಕ್ಕೆ ಮರದ ಅಂಟು ಹಚ್ಚಿ ಚಿನ್ನದ ಪುಡಿ ಉದುರಿಸುವವರು. ನಗ್ಗಿದ್ದಕ್ಕೆ ಏನು ಮಾಡುತ್ತಾರೋ ನೋಡೋಣ.

ನಿರ್ಣಯ: ಪಾತ್ರೆಗಳು ಉಪಯೋಗಕ್ಕೇ ಸರಿ, ನೋಡುವುದಕ್ಕಲ್ಲ. ಆದ್ದರಿಂದ ಹಾಗಿ ಬೋಗುಣಿ ಹಾಗಲಕಾಯಿ ಗೊಜ್ಜಿಗೆ, ಕ್ಯೂಸು ದೋಸೆಯ ಎಣ್ಣೆಗೆ ವಿನಿಯೋಗವಾಯಿತು. ಪಕ್ಕದ ಹಿಡಿಯಿಂದ ಕಾವಲಿಯ ಸುತ್ತ ಎಣ್ಣೆ ಬಿಡುವುದು ಎಷ್ಟು ಸಲೀಸು ಎಂದು ತೊಕೊನಾಮೆಯವರಿಗೇ ಹೊಳೆದಿರಲಾರದು. ಮಗ ಮತ್ತೆ ಜಪಾನಿಗೆ ಹೊರಟಿದ್ದಾನೆ. "ಅದೇ ಥರದ್ದು ಇನ್ನೊಂದು ತಗೊಂಡ್ ಬಾರೋ, ತುಪ್ಪಕ್ಕಾಗುತ್ತೆ" ಎಂದು ಸಿದ್ಧಾಂತಿಯ ಅಪ್ಪಣೆಯಾಗಿದೆ.