ಬಾಲವುಳ್ಳ ಬೀಗರು

ಮನುಷ್ಯ ಪ್ರಾಣಿಯಾಗಿ ಬದಲಾಗಲೇಬೇಕು ಅಂತಿದ್ದರೆ ಬೆಕ್ಕಾಗಬೇಕು ಕಣ್ರೀ. ತೋಳವಾಗಿ ಏನು ಸುಖ? ಹುಣ್ಣಿಮೆ ಯಾವತ್ತು ಅಂತ ಪಂಚಾಂಗ ತಿರುವಿ ಹಾಕುತ್ತ ಕೂರಬೇಕು, ಅದು ಬಂದ ರಾತ್ರಿ ಊರಿಗೆಲ್ಲ ಕೇಳಿಸುವಂತೆ ಊಳಿಡಬೇಕು, ಬೆಳಗಾದ ಮೇಲೆ "ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ" ಅಂತ ತಲೆ ಹಿಡಿದುಕೊಳ್ಳಬೇಕು. ಬೆಕ್ಕಿಗೆ ಇದ್ಯಾವ ಉಸಾಬರಿಯೂ ಇಲ್ಲ. ಮಾಡುವುದನ್ನೆಲ್ಲ ಮಾಡಿ, ಪಂಜ ನೆಕ್ಕಿಕೊಂಡು, ಬಿಸಿಲು ಬೀಳುವ ಜಾಗ ಹುಡುಕಿ ಮಲಗಿಬಿಡುತ್ತದೆ. ಪಶ್ಚಾತ್ತಾಪಪಟ್ಟ ಬೆಕ್ಕು ನಿಮ್ಮ ಬೀದಿಯಲ್ಲಿ ಎಲ್ಲಾದರೂ ಇದ್ದರೆ ಹೇಳಿ ಕಳಿಸಿ, ಬಂದು ಕೈಮುಗಿದು ಹೋಗುತ್ತೇನೆ.

ಆದರೂ ಹೆಸರೆಲ್ಲ ತೋಳಕ್ಕೇ. 1941ರಲ್ಲಿ ಯೂನಿವರ್ಸಲ್ ಸ್ಟುಡಿಯೋದವರು ಲಾನ್ ಚೇನಿ ಜೂನಿಯರ್ ಮುಖಕ್ಕೆ ರೋಮ ಅಂಟಿಸಿ 'ದಿ ವುಲ್ಫ್ ಮ್ಯಾನ್' ತೆಗೆದದ್ದೇ ತಡ, ತೆರೆಯ ಮೇಲೆ ತೋಳದ ವಂಶ ಊರೂರಿಗೆ ಹಬ್ಬಿತು. ಮರುವರ್ಷವೇ ಆರ್‌ಕೆಓ ಸ್ಟುಡಿಯೋ 'ಕ್ಯಾಟ್ ಪೀಪಲ್' ತಂದಿತು. ನಿರ್ಮಾಪಕ ವ್ಯಾಲ್ ಲ್ಯೂಟನ್ ಕೈಗೆ ಸಿಕ್ಕಿದ್ದು ಆ ಶೀರ್ಷಿಕೆ ಮತ್ತು ಒಂದಿಷ್ಟು ಪುಡಿಗಾಸು. ದುಡ್ಡಿಲ್ಲದವರ ಜಾಣತನ ನೋಡಿ, ಅವನೂ ನಿರ್ದೇಶಕ ಜಾಕ್ ಟೂರ್ನರೂ ಸೇರಿ ಪ್ರಾಣಿಯ ಬದಲು ಅದರ ನೆರಳು ತೋರಿಸಿಯೇ ಜನರ ಬೆವರಿಳಿಸಿದರು. ರಾತ್ರಿ ಹೊತ್ತು ಒಬ್ಬಳೇ ಹೆಂಗಸು ನಡೆಯುತ್ತಿದ್ದಾಳೆ, ಹಿಂದೆ ಹೆಜ್ಜೆ ಸದ್ದು, ಆಮೇಲೆ ಹೆಜ್ಜೆಯೂ ಇಲ್ಲ, ಇದ್ದಕ್ಕಿದ್ದಂತೆ ಬುಸ್ ಅಂತ ನುಗ್ಗಿ ಬಂದದ್ದು ಒಂದು ಬಸ್ಸು! ಇಂಥ ಹುಸಿ ಬೆಚ್ಚಿಸಾಟಕ್ಕೆ ಸಿನಿಮಾ ಮಂದಿ ಇವತ್ತಿಗೂ 'ಲ್ಯೂಟನ್ ಬಸ್' ಅಂತಲೇ ಹೇಳುವುದು. ಬಸ್ಸು ಬಂದರೆ ಹೆದರುವುದು ಅಮೆರಿಕದವರು. ನಾವೋ, ಬರದಿದ್ದರೆ ಹೆದರುವ ಜನ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಈಚೆಗೆ ಬಿದ್ದಿರುವುದು ಬೆಕ್ಕುಮನುಷ್ಯರ ಬಲೆಯಲ್ಲಿ. ರೇಚಲ್ ವಿನ್ಸೆಂಟ್ ಎಂಬ ಅಮೆರಿಕನ್ ಲೇಖಕಿಯ 'ಶಿಫ್ಟರ್ಸ್' ಸರಣಿ. 'ಸ್ಟ್ರೇ' ಅಂತ 2007ರಲ್ಲಿ ಶುರುವಾಗಿ ರೋಗ್, ಪ್ರೈಡ್, ಪ್ರೇ, ಶಿಫ್ಟ್ ದಾಟಿ 2010ರ 'ಆಲ್ಫಾ'ದಲ್ಲಿ ಮುಗಿಯುವ ಆರು ದಪ್ಪ ಪುಸ್ತಕ. ಈ ಜಾತಿಯ ಬರವಣಿಗೆಗೆ ಅರ್ಬನ್ ಫ್ಯಾಂಟಸಿ ಅನ್ನುತ್ತಾರೆ. ರಾಜ, ಕೋಟೆ, ಬೆಂಕಿಯುಗುಳುವ ಡ್ರ್ಯಾಗನ್ ಇರುವುದಿಲ್ಲ. ಪೆಟ್ರೋಲ್ ಬಂಕು, ಹೈವೇ, ಮೊಬೈಲು, ಕಾಲೇಜು ಎಲ್ಲ ಇರುತ್ತವೆ. ಮೊಬೈಲಿನಲ್ಲಿ ಮಾತಾಡುತ್ತಿರುವವರಿಗೆ ಬಾಲವೂ ಇರುತ್ತದೆ, ಅಷ್ಟೇ. ಪ್ರಕಟಿಸಿದ್ದು ಮೀರಾ ಬುಕ್ಸ್, ಅಂದರೆ ಹಾರ್ಲೆಕ್ವಿನ್ ಬಳಗ. ಮಿಲ್ಸ್ ಅಂಡ್ ಬೂನ್ ಕೂಡ ಅದೇ ಮನೆತನದ್ದು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಅದನ್ನು ತಂದು ಫಿಸಿಕ್ಸ್ ಪುಸ್ತಕದೊಳಗಿಟ್ಟು ಓದಿದ ನನ್ನ ಓರಗೆಯವರೇ, ಈಗ ಮುಖ ತಿರುಗಿಸಬೇಡಿ. ಅದು ನಮ್ಮ ಹಳೇ ಪರಿಚಯದ ಮನೆಯೇ.

"ಈ ವಯಸ್ಸಿಗೆ ಇದೇನೇ ನಿಂದು?" ಅಂದರು ನಮ್ಮ ಮನೆಯವರು. ಮೂರು ಗಂಟೆ ಕ್ರಿಕೆಟ್ ನೋಡಿ, ಅದರ ಮೇಲೆ ಅದರದೇ ಹೈಲೈಟ್ಸ್ ನೋಡುವವರಿಗೆ ವಯಸ್ಸಿನ ಪ್ರಶ್ನೆ ಎತ್ತುವ ಹಕ್ಕಿಲ್ಲ ಅಂತ ಸುಮ್ಮನಾದೆ. ನಮ್ಮತ್ತೆ ಮಾತ್ರ ಅವರೆಕಾಯಿ ಸುಲಿಯುತ್ತ, "ಕಥೆ ಏನು, ಹೇಳು" ಅಂದರು. ಅಲ್ಲಿಂದ ಈ ಸರಣಿಗೆ ನಮ್ಮ ಮನೆಯಲ್ಲಿ ಇಬ್ಬರು ಓದುಗರು: ನಾನು ಕಣ್ಣಿನಿಂದ, ಅವರು ಕಿವಿಯಿಂದ. ವಿಮರ್ಶೆ ಪೂರಾ ಅವರದೇ.

ಕಥಾನಾಯಕಿ ಫೇತ್ ಸ್ಯಾಂಡರ್ಸ್. ಟೆಕ್ಸಾಸಿನ 'ಲೇಜಿ ಎಸ್' ಎಂಬ ರ‍್ಯಾಂಚಿನಲ್ಲಿ ತವರುಮನೆ. ಅಪ್ಪ ಗ್ರೆಗ್ ಸ್ಯಾಂಡರ್ಸ್ ಹೊರಗಿನ ಲೋಕಕ್ಕೆ ಆರ್ಕಿಟೆಕ್ಟ್, ಒಳಗೆ ಒಂದು ಸೀಮೆಯ ಬೆಕ್ಕುಮನುಷ್ಯರಿಗೆಲ್ಲ ಯಜಮಾನ, ಅವರ ಮಾತಿನಲ್ಲಿ ಆಲ್ಫಾ. ನಾಲ್ಕು ಜನ ಅಣ್ಣಂದಿರು. ಇವಳು ಮನೆಯ ಕಾಟ ತಾಳದೆ ಯೂನಿವರ್ಸಿಟಿಗೆ ಸಾಹಿತ್ಯ ಓದಲು ಹೋಗಿದ್ದಾಳೆ. ಅಲ್ಲಿ ಕ್ಯಾಂಪಸ್ಸಿನಲ್ಲೇ ಒಬ್ಬ ಬೀದಿಬೆಕ್ಕು ಮೈಮೇಲೆ ಬೀಳುತ್ತಾನೆ. ಇವಳು ಅವನಿಗೆ ಸರಿಯಾಗಿ ಇಕ್ಕುತ್ತಾಳೆ. ಶಭಾಷ್ ಅನ್ನಬೇಕಾದ ಅಪ್ಪ ಏನು ಮಾಡುತ್ತಾನೆ? ಓದು ಸಾಕು, ಮನೆಗೆ ಬಾ ಅನ್ನುತ್ತಾನೆ. ಕರೆದುತರಲು ಕಳಿಸುವುದು ಇವಳ ಮಾಜಿ ಪ್ರಿಯಕರ ಮಾರ್ಕ್‌ನನ್ನೇ. ಮನೆಗೆ ಬಂದವಳು ತಪ್ಪಿಸಿಕೊಳ್ಳಲು ನೋಡಿದರೆ ನೆಲಮಾಳಿಗೆಯಲ್ಲೊಂದು ಕಬ್ಬಿಣದ ಪಂಜರವೇ ಸಿದ್ಧವಾಗಿದೆ.

ಪಂಜರದ ಪ್ರಸಂಗ ಬಂದಾಗ ಅತ್ತೆ ಕೈಲಿದ್ದ ಕಾಯಿ ಕೆಳಗಿಟ್ಟರು. "ನಮ್ಮ ಕಾಲದಲ್ಲಿ ಅಷ್ಟೆಲ್ಲ ಖರ್ಚಿರಲಿಲ್ಲ. ಅಪ್ಪ ಒಂದು ಸಲ ಕೆಮ್ಮಿದರೆ ಸಾಕಾಗೋದು."

ಅಲ್ಲಿಗೆ ನನಗೆ ಈ ಪುಸ್ತಕಗಳ ಗುಟ್ಟು ತಿಳಿಯಿತು. ನಾನು ನೆಂಟರಿಷ್ಟರ ಗಲಾಟೆಯಿಂದ ಪಾರಾಗಲೆಂದು ಟೆಕ್ಸಾಸಿನ ಕಾಡಿಗೆ ಓಡಿದ್ದೆ. ಕಾಡಿನ ತುಂಬ ನೆಂಟರೇ! ಉಗುರು, ಹಲ್ಲು, ರಕ್ತ ಎಲ್ಲ ಮೇಲಿನ ಒಗ್ಗರಣೆ. ಒಳಗೆ ಬೇಯುತ್ತಿರುವುದು ಶುದ್ಧ ಅವಿಭಕ್ತ ಕುಟುಂಬ. ಯಾರ ಮಗಳನ್ನು ಯಾರಿಗೆ ಕೊಡಬೇಕು, ಯಾರ ಗಡಿ ಎಲ್ಲಿಗೆ, ಯಾರು ಯಾರ ಮನೆಗೆ ಹೇಳದೆ ಬಂದರು, ಬಂದವರಿಗೆ ಊಟ ಹಾಕಿದರೋ ಇಲ್ಲವೋ, ಇದೇ ಕಥೆ.

ಮದುವೆಯ ಲೆಕ್ಕವನ್ನೇ ನೋಡಿ. ಇವರಲ್ಲಿ ಹೆಣ್ಣು ಹುಟ್ಟುವುದೇ ಅಪರೂಪ. ಯಜಮಾನನ ಹೆಂಡತಿ ಸಾಲಾಗಿ ಗಂಡು ಹೆರುತ್ತ ಹೋಗಿ ಕೊನೆಗೊಂದು ಹೆಣ್ಣು ಕಂಡರೆ ಅದೇ ಭಾಗ್ಯ. ಗಂಡುಮಕ್ಕಳು ಎಷ್ಟಿದ್ದರೂ ಪಟ್ಟ ಅವರಿಗಿಲ್ಲ, ಮಗಳ ಕೈ ಹಿಡಿದವನಿಗೆ. ಫೇತ್‌ಳ ಅಣ್ಣಂದಿರಲ್ಲಿ ಮೈಕಲ್ ವಕೀಲನಾಗಲಿ, ಓವೆನ್ ದನ ಕಾಯಲಿ, ಮುಂದಿನ ಯಜಮಾನ ಮಾತ್ರ ಮನೆಅಳಿಯ. ಹೀಗಾಗಿ ಫೇತ್ ಕಾಫಿ ಕುಡಿಯಲು ಯಾರ ಜೊತೆ ಕೂತರೂ ಅದು ರಾಜಕೀಯ. ನಮ್ಮಲ್ಲಿ ಒಳ್ಳೇ ಅಳಿಯ ಸಿಗಲಿ ಅಂತ ಹರಕೆ ಹೊರುತ್ತೇವೆ. ಅಲ್ಲಿ ಅಳಿಯನಾಗಬೇಕಾದವನ ಹಲ್ಲು, ಪಟ್ಟು, ತಾಳ್ಮೆ ಎಲ್ಲ ಪರೀಕ್ಷೆಯಾಗಬೇಕು. ಜಾತಕವೊಂದನ್ನು ಬಿಟ್ಟಿದ್ದಾರೆ, ಪುಣ್ಯ.

ಲೇಖಕಿ ಇದನ್ನೇನೂ ಗಾಳಿಯಿಂದ ಹಿಡಿದು ತಂದಿಲ್ಲ. ನಿಜವಾದ ಸಿಂಹಗಳ ಗುಂಪಿನಲ್ಲೂ ತಾಯಿ, ಮಗಳು, ಅಕ್ಕತಂಗಿಯರೇ ಸ್ಥಿರ. ಗಂಡುಮರಿ ಬೆಳೆದು ಕುತ್ತಿಗೆಯಲ್ಲಿ ಕೇಸರ ಮೂಡುತ್ತಿದ್ದಂತೆ ಹುಟ್ಟಿದ ಮನೆಯಿಂದ ಹೊರಗೆ. ಆಳುವ ಗಂಡು ಬೇರೆ ಕಡೆಯಿಂದ ಬಂದವನು, ಅವನ ದರ್ಬಾರೂ ಕೆಲವೇ ವರ್ಷ. ಕಾಡಿನ ರಾಜ ಅಂತ ನಾವು ಕರೆಯುವ ಆಸಾಮಿ ಅಸಲಿಗೆ ಹೆಂಡತಿಯ ಮನೆಯಲ್ಲಿ ಠಿಕಾಣಿ ಹೂಡಿರುವವನು. ದಿನಕ್ಕೆ ಇಪ್ಪತ್ತು ತಾಸಿನವರೆಗೂ ಮಲಗಿರಬಲ್ಲ ಅಂತ ಪ್ರಾಣಿಶಾಸ್ತ್ರದವರು ಬರೆದಿದ್ದಾರೆ. ಇದನ್ನು ಓದಿ ಹೇಳಿದಾಗ ಅತ್ತೆ ಸೋಫಾದ ಕಡೆ ಒಮ್ಮೆ ನೋಡಿದರು. ಮನೆಯವರು ಟೀವಿಯ ಸದ್ದು ಜೋರು ಮಾಡಿದರು.

ಆದರೆ ಒಂದು ತಕರಾರಿದೆ. ವಿನ್ಸೆಂಟಮ್ಮನ ಬೆಕ್ಕುಗಳ ನಡತೆ ಸಿಂಹದ್ದು, ಮೈ ಮಾತ್ರ ಕರಿಚಿರತೆಯದು. ಕರಿಚಿರತೆ ಅಂತ ಬೇರೆ ಪ್ರಾಣಿಯೇ ಇಲ್ಲ. ಏಷ್ಯಾ, ಆಫ್ರಿಕಾಗಳಲ್ಲಿ ಅದು ಬಣ್ಣ ಹೆಚ್ಚಾದ ಚಿರತೆ, ಅಮೆರಿಕ ಖಂಡಗಳಲ್ಲಿ ಬಣ್ಣ ಹೆಚ್ಚಾದ ಜಾಗ್ವಾರ್. ನಮ್ಮ ಕಬಿನಿ ಹಿನ್ನೀರಿನ ಕಾಡಿನಲ್ಲಿ ಇಂಥದೊಂದು ಕಾಣಿಸಿಕೊಂಡು, ಉದ್ದುದ್ದ ಲೆನ್ಸ್ ಹೊತ್ತವರೆಲ್ಲ ಜೀಪಿನಲ್ಲಿ ತಪಸ್ಸಿಗೆ ಕೂತದ್ದು ನಿಮಗೆ ನೆನಪಿರಬಹುದು. ಬಿಸಿಲು ಓರೆಯಾಗಿ ಬಿದ್ದರೆ ಆ ಕಪ್ಪಿನೊಳಗೂ ಚಿರತೆಯ ಚುಕ್ಕೆ ಕಾಣುತ್ತದೆ. ಅದು ಒಂಟಿ ಪ್ರಾಣಿ. ಬೇಟೆ ಒಂಟಿ, ಊಟ ಒಂಟಿ, ಮಲಗುವುದು ಮರದ ಮೇಲೆ. ನಿಜಕ್ಕೂ ನಾನು ಆಸೆಪಟ್ಟ ಬದುಕು ಅದು! ಅಂಥ ಮೈ ಕೊಟ್ಟಮೇಲೆ ಜೊತೆಗೊಂದು ಮನೆತುಂಬ ಸಂಸಾರವನ್ನೂ ಗಂಟುಹಾಕಿದ್ದು ಲೇಖಕಿಯ ಅನ್ಯಾಯ.

ಮೈ ಬದಲಾಗುವುದೂ ಅಷ್ಟು ಸಲೀಸಲ್ಲ. ಚಂದ್ರನ ಹಂಗಿಲ್ಲ, ಬೇಕೆಂದಾಗ ಬದಲಾಗಬಹುದು, ಸರಿ. ಆದರೆ ಮೂಳೆ ಸರಿದು, ಕೀಲು ಲಟಲಟ ಎಂದು, ಬೆನ್ನು ಬಾಗಿ, ಪ್ರಾಣ ಹೋಗಿ ಬಂದಂತಾಗುತ್ತದೆ. ಮುಗಿದ ಕೂಡಲೇ ಹೊಟ್ಟೆ ಬಕಾಸುರ. ಕರಾವಳಿಯ ಹುಲಿವೇಷದವರನ್ನು ಕೇಳಿ, ಒಪ್ಪುತ್ತಾರೆ. ನವರಾತ್ರಿಯಲ್ಲಿ ಮೈಗೆಲ್ಲ ಬಣ್ಣ ಬಳಿಸಿಕೊಂಡು, ಅದು ಒಣಗುವವರೆಗೆ ಕೈಚಾಚಿ ನಿಂತು, ಆಮೇಲೆ ತಾಸೆಯ ಪೆಟ್ಟಿಗೆ ಕುಣಿದು, ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಎಸೆಯುವವರಿಗೆ ಗೊತ್ತು, ಬೆಕ್ಕಿನ ಕುಲಕ್ಕೆ ಪುಕ್ಕಟೆ ಪ್ರವೇಶವಿಲ್ಲ ಅಂತ. ಅತ್ತೆಯ ಚಿಂತೆ ಬೇರೆ. "ಬಟ್ಟೆ ಏನು ಮಾಡ್ತಾರೆ?" ಬಿಚ್ಚಿಟ್ಟು ಬದಲಾಗುತ್ತಾರೆ, ವಾಪಸ್ಸು ಬಂದು ಹುಡುಕಿ ತೊಡುತ್ತಾರೆ ಅಂದೆ. "ಹಾಗಾದರೆ ಸೀರೆ ಉಡುವವರ ಕೈಲಾಗೋ ಕೆಲಸ ಅಲ್ಲ. ನೆರಿಗೆ ಹಿಡಿಯೋ ಹೊತ್ತಿಗೆ ಕಳ್ಳ ಊರು ದಾಟಿರ್ತಾನೆ."

ನಾವು ಬೆಕ್ಕಾಗಲು ಇನ್ನೂ ದೊಡ್ಡ ಅಡ್ಡಿ ಒಂದಿದೆ. ಬೆಕ್ಕಿಗೆ ಸಿಹಿ ಗೊತ್ತಾಗುವುದಿಲ್ಲ. ತಮಾಷೆಯಲ್ಲ. ಸಿಹಿಯನ್ನು ಗುರುತಿಸುವ ನಾಲಿಗೆಯ ಗ್ರಾಹಕಕ್ಕೆ ಬೇಕಾದ ಒಂದು ಜೀನು ಬೆಕ್ಕಿನಲ್ಲಿ ಕೆಟ್ಟು ಕೂತಿದೆ ಅಂತ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಹುಲಿ, ಚೀತಾಗಳದ್ದೂ ಅದೇ ಪಾಡು. ಕಹಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಯೋಚಿಸಿ, ಯುಗಾದಿಯ ದಿನ ಬೇವುಬೆಲ್ಲ ಬಾಯಿಗಿಟ್ಟರೆ ಬರೀ ಬೇವು! ಹೋಳಿಗೆ ಅಂದರೆ ಒದ್ದೆ ಹಿಟ್ಟು, ಮೈಸೂರು ಪಾಕು ಅಂದರೆ ತುಪ್ಪದ ಇಟ್ಟಿಗೆ. ಟೆಕ್ಸಾಸಿನವರು ಮಾಂಸದ ತುಂಡು ಜಗಿದು ಸುಖವಾಗಿದ್ದಾರೆ. ನಮ್ಮ ಕಡೆಯ ಮದುವೆಮನೆಯಲ್ಲಿ ಇಂಥ ಅಳಿಯ ಎಲೆಯ ಮುಂದೆ ಕೂತರೆ, ಬಾಲ ಕಾಣಿಸುವ ಮೊದಲೇ ಸಿಕ್ಕಿಬೀಳುತ್ತಾನೆ.

ನಗೆ ಇಲ್ಲಿಗೆ ನಿಲ್ಲಿಸಿ ಮಾರ್ಕ್ ವಿಚಾರಕ್ಕೆ ಬರುತ್ತೇನೆ. ಈ ಲೋಕದಲ್ಲಿ ಎರಡು ಬಗೆ: ಬೆಕ್ಕುಮನುಷ್ಯರಾಗಿಯೇ ಹುಟ್ಟಿದವರು, ಕಚ್ಚಿಸಿಕೊಂಡೋ ಪರಚಿಸಿಕೊಂಡೋ ಆದವರು. ಹುಟ್ಟಿದವರಿಗೆ ಗುಂಪು, ಗಡಿ, ರಕ್ಷಣೆ, ಪಂಚಾಯತಿಯಲ್ಲಿ ಮಾತು. ಆದವರು 'ಸ್ಟ್ರೇ', ಬೀದಿಬೆಕ್ಕು. ಅವರಿಗೆ ಯಾರ ಸೀಮೆಯಲ್ಲೂ ಜಾಗವಿಲ್ಲ. ಯಾರದೂ ಅಲ್ಲದ ಮಿಸಿಸಿಪ್ಪಿಯಂಥ ಕಡೆ ಹೇಗೋ ಬದುಕಿಕೊಳ್ಳಬೇಕು. ಮಾರ್ಕ್ ರಾಮೋಸ್ ಹುಡುಗನಾಗಿದ್ದಾಗ ಅವನ ತಾಯಿಯನ್ನು ಕೊಂದ ಬೆಕ್ಕೇ ಅವನನ್ನೂ ಗಾಯಗೊಳಿಸಿತು. ಗ್ರೆಗ್ ಅವನನ್ನು ತಂದು ಸಾಕಿದ. ಅವನಷ್ಟು ನಿಷ್ಠೆ ಸ್ವಂತ ಮಕ್ಕಳಲ್ಲೂ ಇಲ್ಲ. ಜಗಳಕ್ಕೆ ಅವನು ಬೇಕು, ಕಾವಲಿಗೆ ಅವನು ಬೇಕು, ಹೆಣ ಹೂಳಲೂ ಅವನೇ ಬೇಕು. ಅಳಿಯನಾಗುವ ಮಾತು ಬಂದಾಗ ಮಾತ್ರ ಉಳಿದ ಸೀಮೆಯ ಯಜಮಾನರೆಲ್ಲ ಕತ್ತು ಕೊಂಕಿಸಿ ಕೇಳುವುದು ಒಂದೇ, ಅವನು ಹುಟ್ಟಿದ್ದು ಎಲ್ಲಿ?

ಈ ಪ್ರಶ್ನೆ ಕೇಳಿ ಅತ್ತೆ ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅಲ್ಲೂ ಇದೆಯಾ?" ಅಂದರು.

ಇದೆ. ಇರುವುದರಿಂದಲೇ ಪುಸ್ತಕಕ್ಕೆ ಜೀವ. ಮೂರನೆಯದರಲ್ಲಿ ಫೇತ್ ಪಂಚಾಯತಿಯ ಕಟಕಟೆ ಹತ್ತುತ್ತಾಳೆ. ಮಾಜಿ ಗೆಳೆಯನೊಬ್ಬನನ್ನು ಅರಿಯದೆ ಬೆಕ್ಕಾಗಿಸಿದ್ದು, ಆಮೇಲೆ ಜೀವ ಉಳಿಸಿಕೊಳ್ಳಲು ಅವನನ್ನು ಕೊಂದದ್ದು ಆರೋಪ. ಕೂತು ತೀರ್ಪು ಕೊಡುವವರೆಲ್ಲ ಗಂಡಸರು. ಶಿಕ್ಷೆಗಳಲ್ಲಿ ಉಗುರು ಕೀಳುವುದೂ ಒಂದು. ಕಟ್ಟುಕಥೆಯ ಕ್ರೌರ್ಯ ಅಂದುಕೊಳ್ಳಬೇಡಿ. ಸೋಫಾ ಹರಿಯುತ್ತದೆಂದು ಸಾಕುಬೆಕ್ಕಿನ ಬೆರಳ ತುದಿಮೂಳೆಯನ್ನೇ ತೆಗೆಸುವ ಪದ್ಧತಿ ಅಮೆರಿಕದಲ್ಲಿ ಬಹುಕಾಲ ನಡೆದಿದೆ, ಅದನ್ನು ಮೊದಲು ನಿಷೇಧಿಸಿದ ರಾಜ್ಯ ನ್ಯೂಯಾರ್ಕ್, ಅದೂ 2019ರಲ್ಲಿ. ಮಾತು ಕೇಳದ ಹೆಣ್ಣಿಗೂ ಸೋಫಾ ಪರಚಿದ ಬೆಕ್ಕಿಗೂ ಒಂದೇ ಮದ್ದು ಅನ್ನುವ ಈ ಯಜಮಾನರನ್ನು ಅತ್ತೆ ಬೈದ ಮಾತುಗಳು ಅಚ್ಚಿಗೆ ಯೋಗ್ಯವಲ್ಲ. ಪಂಜರವನ್ನು ನಕ್ಕು ಕೇಳಿದ್ದವರು ಇವರೇನಾ ಅನ್ನಿಸಿತು.

ಹೆಂಗಸರ ಸಿಟ್ಟು ಬೇಡ, ಬರೀ ಮಜಾ ಬೇಕು ಅನ್ನುವವರಿಗೆ ಬೇರೆ ಅಂಗಡಿಯೂ ಇದೆ. ಅದೇ 2007ರಲ್ಲಿ ಇಲೋನಾ ಆಂಡ್ರೂಸ್ ಎಂಬ ಹೆಸರಿನಲ್ಲಿ ಬರೆಯುವ ಗಂಡಹೆಂಡತಿ ಜೋಡಿ ಕೇಟ್ ಡೇನಿಯಲ್ಸ್ ಸರಣಿ ಶುರುಮಾಡಿದರು. 2018ರ ಹೊತ್ತಿಗೆ ಹತ್ತು ಪುಸ್ತಕವಾಯಿತು. ಅಟ್ಲಾಂಟಾದಲ್ಲಿ ಮಾಯೆಯ ಅಲೆ ಎದ್ದಾಗ ಕರೆಂಟು ಹೋಗುತ್ತದೆ, ಇಳಿದಾಗ ಬರುತ್ತದೆ. ನಮಗೆ ಇದರಲ್ಲಿ ಫ್ಯಾಂಟಸಿ ಯಾವುದು ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಲ್ಲಿನ ಮೃಗಮನುಷ್ಯರ ದೊರೆ ಕರ‍್ರನ್, ಸಿಂಹವಾಗುವವನು. ಮೊದಲ ಭೇಟಿಯಲ್ಲೇ ಕೇಟ್ ಅವನನ್ನು ಹಾಲಿಗೆ ಬಂದ ಮರಿಯನ್ನು ಕರೆದ ಹಾಗೆ ಕರೆದುಬಿಡುತ್ತಾಳೆ. ಗಂಡುಸಿಂಹದ ಗರ್ವಭಂಗಕ್ಕೆ ಇದಕ್ಕಿಂತ ಅಗ್ಗದ ಅಸ್ತ್ರ ನಾನು ಕಂಡಿಲ್ಲ. ಮನೆಯಲ್ಲಿ ಪ್ರಯೋಗಿಸಿದೆ, ಫಲ ಚೆನ್ನಾಗಿದೆ.

ಮೆಚ್ಚುವವರಿಗೆ ಒಂದು ಕಿವಿಮಾತು. 'ಶಿಫ್ಟರ್ಸ್' ಓದುವುದಾದರೆ ಮೊದಲನೆಯದರಿಂದಲೇ ಹಿಡಿಯಿರಿ. ನಡುವಿನಿಂದ ಹೊಕ್ಕರೆ ಯಾರು ಯಾರ ಮಲಮಗ ಅಂತ ತಿಳಿಯದೆ, ತಡವಾಗಿ ಮದುವೆಮನೆಗೆ ಹೋದವರ ಗತಿಯಾಗುತ್ತದೆ. ಮೊದಲ ಪುಸ್ತಕದಲ್ಲಿ ಫೇತ್ ಬಾಯಿ ಜೋರು, ಕಪಾಳಕ್ಕೆ ಬಿಡೋಣ ಅನ್ನಿಸುತ್ತದೆ. ಸಹಿಸಿಕೊಳ್ಳಿ, ಆ ಬಾಯಿಯೇ ಮುಂದೆ ಕೆಲಸಕ್ಕೆ ಬರುತ್ತದೆ. ನಾಲ್ಕನೆಯದನ್ನು ಓದುವಾಗ ಕರ್ಚೀಫ್ ಹತ್ತಿರವಿರಲಿ. ಯಾಕೆಂದು ಹೇಳಿದರೆ ನೀವು ನನ್ನನ್ನು ಕ್ಷಮಿಸುವುದಿಲ್ಲ.

ಇನ್ನು ಉಳಿದದ್ದು ಈ ಸರಣಿಯ ಓದುಗರನ್ನು ಎರಡು ಹೋಳು ಮಾಡಿರುವ ವ್ಯಾಜ್ಯ: ಫೇತ್‌ಗೆ ತಕ್ಕವನು ಮಾರ್ಕೋ, ನಗುನಗುತ್ತ ನಡುವೆ ಬಂದ ಜೇಸೋ? ನಮ್ಮ ಮನೆಯಲ್ಲಿ ಅತ್ತೆಯದೂ ನನ್ನದೂ ಮಾರ್ಕ್ ಪಕ್ಷ. ಮದುವೆಯಾದ ಮೇಲೆ ಅತ್ತೆ ಸೊಸೆ ಒಂದೇ ಗಂಡನ್ನು ಒಪ್ಪಿದ್ದು ಇದೇ ಮೊದಲು. ಜೇಸ್ ಕಡೆಯವರು ಧಾರಾಳವಾಗಿ ಬರೆದು ಜಗಳವಾಡಬಹುದು. ಉಗುರು ಒಳಗೆಳೆದುಕೊಂಡು ಬರೆಯಿರಿ, ಅಷ್ಟೇ.